ಸೊಟ್ಟ ಸಾಲಿನ ಗದ್ದೆ

ಅಭ್ಯಾಸ ಬೋಧನೆಯಲ್ಲಿ ನನ್ನ ಆರನೆಯ ಪಾಠ ಎಂಟನೆಯ ತರಗತಿ ವಿಜ್ಞಾನದ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’. ಬಿತ್ತನೆ, ಸಸಿಮಡಿಯಿಂದ ಪೈರು ಕಿತ್ತು ನಾಟಿ ಮಾಡುವುದು, ಕಳೆ ತೆಗೆಯುವುದು, ಇಷ್ಟು ಆ ದಿನದ ಅಂಶ. ಪಾಠಯೋಜನೆಯಲ್ಲಿ ‘ತೊಡಗಿಸಿಕೊಳ್ಳುವಿಕೆ’ ಎಂಬ ಮೊದಲ ಹಂತದ ಎದುರಿನ ಖಾಲಿ ಜಾಗ ತುಂಬಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಹಪಾಠಿಗಳು ಚಾರ್ಟ್ ಬರೆಯುತ್ತ, ಥರ್ಮೋಕೋಲ್ ಕತ್ತರಿಸುತ್ತ ಕೂತಿದ್ದಾಗ ನಾನು ಹಾರ್ಡ್ ಡಿಸ್ಕ್ ತೆರೆದೆ. ಅದರಲ್ಲಿ ಜಪಾನಿನ ಉದ್ಯಾನಗಳ 4,000ಕ್ಕೂ ಹೆಚ್ಚು ಚಿತ್ರಗಳಿದ್ದವು. ಎಲ್ಲವೂ ನಾನೇ ತೆಗೆದವು. ಅವುಗಳಿಂದ 11 ಆರಿಸಿಕೊಂಡೆ. ಈ ಬೋಧನೋಪಕರಣ ಕಾಲೇಜಿನಲ್ಲಿ ಬೇರೆ ಯಾರ ಬಳಿಯೂ ಇಲ್ಲ ಎಂಬ ಜಂಬ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಪಾಠದಲ್ಲಿ ಏನಾಯಿತೆಂದು ಹೇಳುವ ಮೊದಲು ಆ ಚಿತ್ರಗಳು ಹೇಗೆ ಹುಟ್ಟಿದವು ಎಂದು ಹೇಳಬೇಕು.

ಬಿ.ಎಸ್ಸಿ. ಮುಗಿದು ಮದುವೆಯಾಗಿ, ಪತಿಯ ಕೆಲಸದ ನಿಮಿತ್ತ 2022ರ ಮಾರ್ಚ್ ಕೊನೆಯಲ್ಲಿ ನಾನು ಟೋಕಿಯೊಗೆ ಹೋದೆ. ಎರಡು ವರ್ಷ ಅಲ್ಲಿದ್ದೆ. ನಮ್ಮ ಮನೆ ನಗರದ ಪೂರ್ವ ಅಂಚಿನ ಎದೊಗಾವಾ ವಾರ್ಡಿನ ನಿಶಿಕಸಾಯ್‌ನಲ್ಲಿತ್ತು. ಭಾರತದ ಸಾಫ್ಟ್‌ವೇರ್ ಕುಟುಂಬಗಳು ಬಹಳ ಇರುವ ಬಡಾವಣೆ ಅದು. ತೊಗರಿಬೇಳೆ, ಹುಣಸೆಹಣ್ಣು ಸಿಗುವ ಅಂಗಡಿಗಳು ನಡೆದು ಹೋಗುವಷ್ಟು ದೂರದಲ್ಲೇ ಇದ್ದವು. ಹಾಗಾಗಿ ಊಟದ ಕಷ್ಟವಾಗಲಿಲ್ಲ. ಅಲ್ಲಿನ ಗುಂಡು ಅಕ್ಕಿ ಮಾತ್ರ ಸ್ವಲ್ಪ ದಿನ ಆಟವಾಡಿಸಿತು. ಅದರಲ್ಲಿ ಅಮೈಲೋಸ್ ಕಡಿಮೆ, ಅನ್ನ ಒಂದಕ್ಕೊಂದು ಅಂಟುತ್ತದೆ, ಕಡ್ಡಿಯಲ್ಲಿ ಎತ್ತಿ ತಿನ್ನಲು ಅನುಕೂಲ, ಸಾರು ಕಲಸಲು ಕಷ್ಟ. ರಸಾಯನಶಾಸ್ತ್ರ ಓದಿದ್ದು ಅಡುಗೆಮನೆಯಲ್ಲಿ ನೆನಪಾದದ್ದು ಆಗಲೇ.

ಕಷ್ಟವಾದದ್ದು ಮಾತು. ಬೆಳಿಗ್ಗೆ ಎಂಟಕ್ಕೆ ಪತಿ ತೋಜ಼ಾಯ್ ಮಾರ್ಗದ ರೈಲಿನ ನೂಕುನುಗ್ಗಲಿಗೆ ಸೇರಿಕೊಂಡರೆ ರಾತ್ರಿ ಒಂಬತ್ತರವರೆಗೆ ನಾನು ಒಬ್ಬಳೇ. ದಿನವಿಡೀ ನಾನು ಆಡುತ್ತಿದ್ದ ಮಾತು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ‘ಚೀಲ ಬೇಡ’ ಎನ್ನುವುದು, ಅಷ್ಟೇ. ಕಸದ ನಿಯಮ ಕಲಿಯಲು ಒಂದು ತಿಂಗಳು ಹಿಡಿಯಿತು. ಉರಿಸುವ ಕಸಕ್ಕೆ ವಾರದಲ್ಲಿ ಎರಡು ದಿನ, ಬಾಟಲಿ, ಡಬ್ಬಿ, ಕಾಗದಕ್ಕೆ ಬೇರೆ ದಿನ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತೆಗೆದು, ಸುತ್ತಿದ ಹಾಳೆ ಸುಲಿದು, ತೊಳೆದು ಇಡಬೇಕು. ಕಾಗೆ ಎಳೆದಾಡದಂತೆ ಕಸದ ರಾಶಿಯ ಮೇಲೆ ಬಲೆ ಹೊದಿಸಬೇಕು. ಒಂದು ಬೆಳಿಗ್ಗೆ ನಾನಿಟ್ಟ ಚೀಲವನ್ನು ಕಸದ ಗಾಡಿಯವರು ಒಂದು ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗಿದ್ದರು. ಚೀಟಿ ಓದಲು ಬರಲಿಲ್ಲ. ಕೆಳಗಿನ ಮನೆಯ ಅಜ್ಜಿ ಬಂದು, ಒಂದು ಮಾತೂ ಆಡದೆ, ನನ್ನ ಚೀಲ ಬಿಚ್ಚಿ ಎರಡು ಮಾಡಿ ತೋರಿಸಿದರು. ಮುಖ ಗಂಟಿಕ್ಕಿರಲಿಲ್ಲ. ಆದರೂ ಮನೆಗೆ ಬಂದು ಅತ್ತೆ. ಯಾಕೆಂದು ಇವತ್ತು ಕೇಳಿದರೆ ಹೇಳುವುದು ಕಷ್ಟ. ಪದವಿಯಲ್ಲಿ ಪ್ರಥಮ ದರ್ಜೆ ಬಂದವಳಿಗೆ ಕಸ ವಿಂಗಡಿಸಲು ಬರಲಿಲ್ಲ ಎಂಬುದೇ ಇರಬೇಕು.

ಹೊರಗೆ ನೋಡಿದರೆ ಆರು ವರ್ಷದ ಮಕ್ಕಳು ಹಳದಿ ಟೋಪಿ ಹಾಕಿ, ಬೆನ್ನಿಗಿಂತ ದೊಡ್ಡ ಚರ್ಮದ ಚೀಲ ಹೊತ್ತು, ದೊಡ್ಡವರಿಲ್ಲದೆ ಸಾಲಾಗಿ ಶಾಲೆಗೆ ನಡೆದು ಹೋಗುತ್ತಿದ್ದವು. ತರಗತಿಯ ಕೋಣೆಯನ್ನು ಆ ಮಕ್ಕಳೇ ಗುಡಿಸಿ ಒರೆಸುತ್ತಾರೆ, ಊಟ ಬಡಿಸುವ ಸರದಿಯೂ ಅವರದೇ ಎಂದು ಪಕ್ಕದ ಕಟ್ಟಡದ ತಮಿಳು ಗೆಳತಿ ಹೇಳಿದಳು. ಅವಳ ಮಗ ಅಲ್ಲಿನ ಶಾಲೆಗೇ ಹೋಗುತ್ತಿದ್ದ. ಸಂಜೆಯಾದರೆ ವಿಪತ್ತಿನ ಎಚ್ಚರಿಕೆಗೆಂದು ನೆಟ್ಟ ಧ್ವನಿವರ್ಧಕಗಳಲ್ಲಿ ಒಂದು ರಾಗ ಕೇಳುತ್ತದೆ. ಯಂತ್ರ ಸರಿಯಿದೆಯೇ ಎಂಬ ಪರೀಕ್ಷೆಯೂ ಆಯಿತು, ಮಕ್ಕಳು ಮನೆಗೆ ಹೋಗಲು ಗುರುತೂ ಆಯಿತು. ನನಗೆ ಅದು ಇನ್ನು ನಾಲ್ಕು ಗಂಟೆ ಕಳೆಯಬೇಕು ಎಂಬ ಲೆಕ್ಕ.

ಆ ಬೇಸರಕ್ಕೆ ಔಷಧವಾಗಿ ಪತಿ ಒಂದು ಹಳೆಯ ಕ್ಯಾಮೆರಾ ತಂದರು. ಅಲ್ಲಿ ಬಳಸಿದ ಕ್ಯಾಮೆರಾಗಳನ್ನು ಮಾರುವ ಅಂಗಡಿಗಳು ಬಹಳ, ವಸ್ತುವಿನ ಮೇಲಿನ ಗೀರನ್ನೂ ಬರೆದಿಟ್ಟು ಮಾರುತ್ತಾರೆ. 50 ಮಿ.ಮೀ.ನ ಒಂದೇ ಮಸೂರ. ಹತ್ತಿರ ತರಲು, ದೂರ ತಳ್ಳಲು ಆಗದು. ನಾವೇ ನಡೆದು ಹತ್ತಿರ ಹೋಗಬೇಕು. ಅದು ಹಿಡಿದ ಮೇಲೆ ನನಗೆ ಹೊರಗೆ ಹೋಗಲು ಒಂದು ನೆಪ ಸಿಕ್ಕಿತು. ಕೈಯಲ್ಲಿ ಕ್ಯಾಮೆರಾ ಇದ್ದವರನ್ನು ಯಾರೂ ಮಾತಾಡಿಸುವುದಿಲ್ಲ ಎಂಬುದು ಇನ್ನೊಂದು ಅನುಕೂಲ. ಆಗ ಅದು ಅನುಕೂಲವೆಂದೇ ತೋರಿತು.

ಮೊದಲು ದೂರ ಹೋದದ್ದು ರಿಕುಗಿಯೆನ್‌ಗೆ. 1702ರಲ್ಲಿ ಯಾನಗಿಸಾವಾ ಯೊಶಿಯಾಸು ಎಂಬ ಅಧಿಕಾರಿ ಕಟ್ಟಿಸಿ ಮುಗಿಸಿದ ಉದ್ಯಾನ. ಕವಿತೆಗಳಲ್ಲಿ ಬರುವ 88 ತಾಣಗಳನ್ನು ಗುಡ್ಡ, ಕೊಳ, ಕಲ್ಲುಗಳಲ್ಲಿ ಮರುಸೃಷ್ಟಿಸಿದ್ದಾರೆ. ನಂತರ ಮಿತ್ಸುಬಿಶಿ ಸಂಸ್ಥಾಪಕನ ಕೈ ಸೇರಿ, 1938ರಲ್ಲಿ ಟೋಕಿಯೊ ನಗರಕ್ಕೆ ದಾನವಾಗಿ ಬಂತು. ಬಾಗಿಲ ಹತ್ತಿರವೇ ಸುಮಾರು 15 ಮೀಟರ್ ಎತ್ತರದ, ಜಲಪಾತದಂತೆ ಕೊಂಬೆ ಇಳಿಬಿಟ್ಟ ಒಂದು ಚೆರ್ರಿ ಮರವಿದೆ. ಮಾರ್ಚ್ ಕೊನೆಯಲ್ಲಿ ಅದರ ಸುತ್ತ ಜನ ಕಿಕ್ಕಿರಿದಿರುತ್ತಾರೆ. ನಾನು ಕ್ಯಾಮೆರಾವನ್ನು ಮೇಲಕ್ಕೆತ್ತಿ, ಜನರ ತಲೆಗಳೆಲ್ಲ ಕೆಳಗೆ ಉಳಿಯುವಂತೆ, ಬರೀ ಹೂ ಮತ್ತು ಆಕಾಶ ಬರುವಂತೆ ಚಿತ್ರ ತೆಗೆದೆ. ಊರಿಗೆ ಕಳಿಸಿದೆ. ಅಮ್ಮ, ‘ಎಷ್ಟು ಪ್ರಶಾಂತವಾಗಿದೆ, ಅಲ್ಲಿ ಯಾರೂ ಇಲ್ಲವಾ?’ ಎಂದು ಕೇಳಿದರು. ಅದನ್ನು ಹೊಗಳಿಕೆ ಎಂದುಕೊಂಡೆ.

ಅಂದಿನಿಂದ ಅದೇ ನನ್ನ ಪದ್ಧತಿಯಾಯಿತು. ಚಿತ್ರದಲ್ಲಿ ಜನ ಬರಬಾರದು. ಇದಕ್ಕೆ ಅರ್ಧ ಕಾರಣ ಅಲ್ಲಿನ ರೀತಿ. ಗುರುತು ಸಿಗುವಂತೆ ಅಪರಿಚಿತರ ಚಿತ್ರ ತೆಗೆಯುವುದನ್ನು ಅಲ್ಲಿ ಒಪ್ಪುವುದಿಲ್ಲ, ಮುಖದ ಮೇಲಿನ ಹಕ್ಕಿಗೆ ‘ಶೋಜ಼ೋಕೆನ್’ ಎಂಬ ಪದವೇ ಇದೆ. ಅಲ್ಲಿ ಮಾರುವ ಮೊಬೈಲ್‌ಗಳಲ್ಲಿ ಚಿತ್ರ ತೆಗೆದಾಗ ಬರುವ ಸದ್ದನ್ನು ಅಡಗಿಸಲು ಆಗದಂತೆ ಮಾಡಿರುತ್ತಾರೆ. ಇದು ಒಳ್ಳೆಯದೇ. ನಮ್ಮಲ್ಲೂ ಶಾಲೆಗೆ ಹೋದ ಕೂಡಲೇ ಮಕ್ಕಳ ಚಿತ್ರ ತೆಗೆದು ಸ್ಟೇಟಸ್‌ಗೆ ಹಾಕುವ ಪ್ರಶಿಕ್ಷಣಾರ್ಥಿಗಳು ಇದನ್ನು ಸ್ವಲ್ಪ ಯೋಚಿಸಬಹುದು. ಆದರೆ ನನ್ನ ವಿಷಯದಲ್ಲಿ ಇನ್ನರ್ಧ ಕಾರಣ ಬೇರೆ. ಕೇಳಿದರೆ ಒಪ್ಪಬಹುದಿತ್ತು, ಕೇಳಲು ಮಾತಾಡಬೇಕಿತ್ತು.

ವಾರದ ದಿನಗಳಲ್ಲಿ ನಾನು ಹೋಗುತ್ತಿದ್ದದ್ದು ಮನೆಯ ಹತ್ತಿರದ ಗ್ಯೋಸೆನ್ ಪಾರ್ಕಿಗೆ. ಅದರೊಳಗೆ ಹಣ ಕೊಡದೆ ನೋಡಬಹುದಾದ ಒಂದು ಪುಟ್ಟ ಪ್ರಾಣಿ ಸಂಗ್ರಹಾಲಯವಿದೆ. ಪಕ್ಕದಲ್ಲಿ ಕೊಳ, ಕಲ್ಲಿನ ದೀಪ, ಕಟ್ಟಿಗೆಯ ಸೇತುವೆಗಳಿರುವ ಹೈಸೆಯ್ ಉದ್ಯಾನ. ಬೆಳಿಗ್ಗೆ ಹತ್ತರ ಬೆಳಕು ಕೊಳದ ಮೇಲೆ ಬೀಳುವುದನ್ನು ತೆಗೆಯಲು ನಾನು ಎಷ್ಟೋ ಸಲ ಹೋಗಿದ್ದೇನೆ. ಹೋದಾಗಲೆಲ್ಲ ಇಬ್ಬರೋ ಮೂವರೋ ಕೆಲಸದವರು ಇರುತ್ತಿದ್ದರು. ಕುತ್ತಿಗೆಯವರೆಗೆ ಬಟ್ಟೆ ಇಳಿಬಿದ್ದ ಟೋಪಿ, ಕೈಗೆ ತೋಳುಪಟ್ಟಿ. ಅವರಲ್ಲಿ ವಯಸ್ಸಾದ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತು, ಅಂಗೈ ಉದ್ದದ ಕುಡುಗೋಲಿನಲ್ಲಿ ಪಾಚಿಯ ನಡುವಿನ ಹುಲ್ಲನ್ನು ಬೇರು ಸಮೇತ ಒಂದೊಂದೇ ಎತ್ತುತ್ತಿದ್ದರು. ಪಾಚಿ ಕಿತ್ತು ಬರಬಾರದು, ಹುಲ್ಲು ಉಳಿಯಬಾರದು. ಒಂದು ಮೊಳ ಜಾಗಕ್ಕೆ ಅರ್ಧ ಗಂಟೆ. ನನ್ನ ಅಜ್ಜಿ ರಾಗಿ ಹೊಲದಲ್ಲಿ ಕಳೆ ತೆಗೆಯುವಾಗ ಕೂರುತ್ತಿದ್ದದ್ದೂ ಹಾಗೆಯೇ, ಪಾದ ಪೂರ್ತಿ ನೆಲಕ್ಕೆ ಊರಿ, ಕೂತಲ್ಲಿಂದಲೇ ಬಾತಿನಂತೆ ಮುಂದೆ ಸರಿದು. ನೋಡಿದೆ, ನೆನಪೂ ಆಯಿತು. ಆದರೂ ಮಾಡಿದ್ದೇನೆಂದರೆ, ಅವರು ಚೌಕಟ್ಟಿನಿಂದ ಸರಿಯಲಿ ಎಂದು ಬೆಂಚಿನ ಮೇಲೆ ಕೂತು ಕಾದದ್ದು. ನಲವತ್ತು ನಿಮಿಷ ಕಾದ ದಿನವೂ ಇದೆ. ಅವರು ಸರಿದ ಮೇಲೆ, ಅವರು ಸ್ವಚ್ಛ ಮಾಡಿಟ್ಟ ಪಾಚಿಯನ್ನು ತೆಗೆದೆ. ‘ಪ್ರಕೃತಿಯ ಮೌನ’ ಎಂದು ಹೆಸರು ಬೇರೆ ಇಟ್ಟಿದ್ದೆ.

ಉದ್ಯಾನ ನೋಡುತ್ತ ವಿಜ್ಞಾನ ಕಲಿಯಲಿಲ್ಲವೆಂದಲ್ಲ. ಜೂನಿನ ಮಳೆಗಾಲದಲ್ಲಿ ಹಾಕುಸಾನ್ ದೇವಾಲಯದ ಆವರಣದ ತುಂಬ ಅಜಿಸಾಯ್, ಅಂದರೆ ಹೈಡ್ರೇಂಜಿಯ ಅರಳುತ್ತದೆ. ಮಣ್ಣು ಆಮ್ಲೀಯವಾದರೆ ಅಲ್ಯೂಮಿನಿಯಂ ಕರಗಿ ಗಿಡ ಹೀರಿಕೊಳ್ಳುತ್ತದೆ, ಹೂ ನೀಲಿ. ಆಮ್ಲೀಯತೆ ಕಡಿಮೆಯಾದರೆ ಗುಲಾಬಿ. ಲಿಟ್ಮಸ್‌ಗೆ ಸರಿಯಾಗಿ ಉಲ್ಟಾ. ಬಿಳಿ ಬಣ್ಣದ ತಳಿಗಳಿಗೆ ಈ ಲೆಕ್ಕವಿಲ್ಲ. ಸೂಚಕಗಳ ಪಾಠ ಮಾಡುವವರು ಊಟಿ, ಮಡಿಕೇರಿಯ ಕಡೆ ಹೋದರೆ ಇದನ್ನು ಗಮನಿಸಬಹುದು, ಅಲ್ಲೂ ಈ ಗಿಡ ಇದೆ. ಬೀದಿಬದಿಯ ಸೊಮೆಯ್ ಯೊಶಿನೊ ಚೆರ್ರಿ ಮರಗಳೆಲ್ಲ ಒಂದೇ ದಿನ ಮಾತಾಡಿಕೊಂಡಂತೆ ಅರಳುವುದೇಕೆಂದರೆ ಅವೆಲ್ಲ ಕಸಿಯಿಂದ ಬಂದವು, ಒಂದೇ ಗಿಡದ ನಕಲುಗಳು. ಹತ್ತನೆಯ ತರಗತಿಯ ಕಾಯಜ ಸಂತಾನೋತ್ಪತ್ತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗದು.

ನವೆಂಬರಿನಲ್ಲಿ ಕೊಯಿಶಿಕಾವಾ ಸಸ್ಯೋದ್ಯಾನಕ್ಕೆ ಹೋದೆ. 1684ರಲ್ಲಿ ಔಷಧಿ ಗಿಡಗಳ ತೋಟವಾಗಿ ಆರಂಭವಾದದ್ದು, ಈಗ ಟೋಕಿಯೊ ವಿಶ್ವವಿದ್ಯಾಲಯದ್ದು. ಅಲ್ಲೊಂದು ದೊಡ್ಡ ಗಿಂಕ್ಗೊ ಮರವಿದೆ. ಬೀಜ ಬಿದ್ದ ನೆಲವೆಲ್ಲ ಬ್ಯುಟಿರಿಕ್ ಆಮ್ಲದ ನಾತ, ಹಳಸಿದ ಬೆಣ್ಣೆಯಂತೆ. ಈ ಮರದ ಬೀಜಾಂಡಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ಹಿರಾಸೆ ಸಾಕುಗೊರೊ ಎಂಬಾತ 1896ರಲ್ಲಿ, ಗಿಂಕ್ಗೊದ ಪುರುಷಾಣುಗಳು ಈಜುತ್ತವೆ ಎಂಬುದನ್ನು ಕಂಡ. ಜರೀಗಿಡ, ಪಾಚಿಗಳಲ್ಲಿ ಇರುವ ಲಕ್ಷಣವೊಂದು ಬೀಜ ಬಿಡುವ ಮರದಲ್ಲಿ ಸಿಕ್ಕಿತು. ಆತ ದೊಡ್ಡ ಪ್ರಾಧ್ಯಾಪಕನಲ್ಲ. ಸಸ್ಯಶಾಸ್ತ್ರ ವಿಭಾಗಕ್ಕೆ ಚಿತ್ರ ಬರೆಯಲು ಸೇರಿದವನು. ಕಂಡದ್ದನ್ನು ಕಂಡಂತೆ ಬರೆಯುವುದು ಅವನ ಉದ್ಯೋಗ, ಏನನ್ನೂ ಬಿಡುವಂತಿಲ್ಲ. ಮರುವರ್ಷವೇ ಆತ ವಿಶ್ವವಿದ್ಯಾಲಯ ಬಿಟ್ಟು ಹಿಕೊನೆ ಎಂಬ ಊರಿನ ಶಾಲೆಗೆ ಮೇಷ್ಟರಾಗಿ ಹೋದ. 1912ರಲ್ಲಿ ಆತನಿಗೆ ಅಲ್ಲಿನ ಅಕಾಡೆಮಿಯ ದೊಡ್ಡ ಬಹುಮಾನ ಬಂತು. ಈ ಕಥೆಯನ್ನು ಓದಿ ಬಹಳ ಸಂತೋಷಪಟ್ಟೆ, ನಂತರ ಮರದ ಬುಡದ ಫಲಕ ಬಾರದಂತೆ ಹಳದಿ ಎಲೆ ಮತ್ತು ನೀಲಿ ಆಕಾಶ ಮಾತ್ರ ತೆಗೆದು ಮನೆಗೆ ಬಂದೆ. ಎರಡೂ ಒಂದೇ ಮಧ್ಯಾಹ್ನ.

ಈಗ ಗದ್ದೆಯ ವಿಷಯ. ನಿಶಿಕಸಾಯ್‌ನಿಂದ ತೋಜ಼ಾಯ್ ರೈಲಿನಲ್ಲಿ ನೇರ ಇಯಿದಾಬಾಶಿಗೆ ಹೋಗಿ, ಹತ್ತು ನಿಮಿಷ ನಡೆದರೆ ಕೊಯಿಶಿಕಾವಾ ಕೊರಾಕುಯೆನ್ ಸಿಗುತ್ತದೆ. ಮೇಲೆ ಹೇಳಿದ ಸಸ್ಯೋದ್ಯಾನ ಬೇರೆ, ಇದು ಬೇರೆ. 1629ರಲ್ಲಿ ಮಿತೊ ಮನೆತನದ ತೊಕುಗಾವಾ ಯೊರಿಫುಸಾ ಆರಂಭಿಸಿ, ಮಗ ಮಿತ್ಸುಕುನಿ ಪೂರ್ತಿಗೊಳಿಸಿದ ಉದ್ಯಾನ. ಚೀನಾದಿಂದ ಆಶ್ರಯ ಬೇಡಿ ಬಂದ ವಿದ್ವಾಂಸ ಝು ಶುನ್‌ಶುಯಿಯ ಸಲಹೆ ಇದರಲ್ಲಿದೆ. ಅವನು ರೂಪಿಸಿದ ಅರ್ಧಚಂದ್ರಾಕಾರದ ಕಲ್ಲಿನ ಸೇತುವೆ ನೀರಿನ ಪ್ರತಿಬಿಂಬದೊಡನೆ ಸೇರಿ ಪೂರ್ಣಚಂದ್ರವಾಗುತ್ತದೆ. ಆಳುವವನ ಸುಖ ಎಲ್ಲರ ಸುಖದ ನಂತರದ್ದು ಎಂಬ ಅರ್ಥದ ಹಳೆಯ ಚೀನೀ ಬರಹವೊಂದರಿಂದ ಹೆಸರು ಬಂದಿದೆ. ಈಗ ಪಕ್ಕದಲ್ಲೇ ಟೋಕಿಯೊ ಡೋಮ್ ಎಂಬ ಬೇಸ್‌ಬಾಲ್ ಕ್ರೀಡಾಂಗಣ. ಅದರ ಬಿಳಿ ಚಾವಣಿ ಮರಗಳ ಮೇಲೆ ಉಬ್ಬಿದ ದೋಸೆಯಂತೆ ಕಾಣುತ್ತದೆ. ಅಲ್ಲಿನ ರೋಲರ್ ಕೋಸ್ಟರ್ ಇಳಿಯುವಾಗ ಜನ ಕಿರುಚುವುದು ಕೊಳದವರೆಗೂ ಕೇಳಿಸುತ್ತದೆ.

2023ರ ಜೂನ್ ಮೊದಲ ವಾರ ಐರಿಸ್ ಹೂಗಳಿಗೆಂದು ಹೋದೆ. ಹೂವಿನ ಪಾತಿಗಳ ಹತ್ತಿರವೇ ಒಂದು ಪುಟ್ಟ ಭತ್ತದ ಗದ್ದೆ. ಮೊದಲು ಅಲಂಕಾರಕ್ಕೆಂದುಕೊಂಡೆ. ಬಾಗಿಲಲ್ಲಿ ಕೊಟ್ಟ ಮಡಿಕೆ ಕಾಗದದಲ್ಲಿ ಅದರ ಕಥೆ ಇತ್ತು. ಮಿತ್ಸುಕುನಿ ತನ್ನ ದತ್ತುಮಗನ ಹೆಂಡತಿಗೆ ರೈತರ ಕಷ್ಟ ಏನೆಂದು ತಿಳಿಯಲಿ ಎಂದು ಅರಮನೆಯ ಉದ್ಯಾನದಲ್ಲಿ ಗದ್ದೆ ಮಾಡಿಸಿದನಂತೆ. ಈಗ ಬುಂಕ್ಯೊ ವಾರ್ಡಿನ ಪ್ರಾಥಮಿಕ ಶಾಲೆಯ ಮಕ್ಕಳು ಮೇ ತಿಂಗಳಲ್ಲಿ ಅಲ್ಲಿ ನಾಟಿ ಮಾಡುತ್ತಾರೆ, ಸೆಪ್ಟೆಂಬರಿನಲ್ಲಿ ಕೊಯ್ಯುತ್ತಾರೆ. ಪಠ್ಯಕ್ರಮ, ಅನುಭವಾತ್ಮಕ ಕಲಿಕೆ ಎಂದು ನಾವು ಪ್ರಥಮ ಸೆಮಿಸ್ಟರಿನಲ್ಲಿ ಬರೆದ ಪುಟಗಟ್ಟಲೆ ಉತ್ತರ ಅಲ್ಲಿ ಒಂದು ಕೋಣೆಯಷ್ಟು ಅಗಲದ ಕೆಸರಿನಲ್ಲಿತ್ತು.

ಆದರೆ ಆಗ ನಾನು ಬಿ.ಇಡಿ. ಸೇರಿರಲಿಲ್ಲ, ಕ್ಯಾಮೆರಾ ಹಿಡಿದಿದ್ದೆ. ಪೈರು ಒಂದು ಗೇಣು ಎತ್ತರ ಬಂದಿತ್ತು. ಸಾಲುಗಳು ನೆಟ್ಟಗಿರಲಿಲ್ಲ. ಒಂದು ಕಡೆ ಹತ್ತು ಪೈರು ಒತ್ತಾಗಿ, ಪಕ್ಕದಲ್ಲಿ ಒಂದು ಮೊಳ ಖಾಲಿ. ಒಂದೆರಡು ಪೈರು ಬೇರು ಕೊಡದೆ ತೇಲುತ್ತಿದ್ದವು. ಒಂದು ಸಾಲಂತೂ ನಡುವೆ ಮನಸ್ಸು ಬದಲಿಸಿ ಇನ್ನೊಂದು ಸಾಲಿಗೆ ಹೋಗಿ ಸೇರಿತ್ತು. ಇದರಿಂದ ಚಿತ್ರ ಕೆಡುತ್ತದಲ್ಲ ಎಂದು ಗದ್ದೆಯ ಸುತ್ತ ಮೂರು ಸಲ ತಿರುಗಿದೆ. ಕೊನೆಗೆ ಒಂದು ಮೂಲೆಯಲ್ಲಿ ಅಲ್ಪಸ್ವಲ್ಪ ನೆಟ್ಟಗಿದ್ದ ಐದಾರು ಸಾಲು ಸಿಕ್ಕವು. ಕೂತು, ನೀರಿನಲ್ಲಿ ಮೋಡದ ಪ್ರತಿಬಿಂಬ ಬರುವಂತೆ ತೆಗೆದೆ. ಮನೆಗೆ ಬಂದು ಎಡಬದಿಯ ಸೊಟ್ಟ ಸಾಲು, ಮೇಲಿನ ಡೋಮ್, ಬಲಬದಿಯ ಫಲಕ ಎಲ್ಲ ಕತ್ತರಿಸಿ ಹಾಕಿದೆ. ಉಳಿದದ್ದು ಹಸಿರು, ನೀರು, ಮೋಡ. ನನ್ನ 4,000 ಚಿತ್ರಗಳಲ್ಲಿ ಅದೇ ನನಗೆ ಅತ್ಯಂತ ಇಷ್ಟವಾದದ್ದು. ಎರಡು ವರ್ಷ ಫೋನಿನ ಮೊದಲ ಪರದೆಯಲ್ಲಿ ಅದೇ ಇತ್ತು.

ಅಲ್ಲಿಂದ 2024ರಲ್ಲಿ ಹಿಂದಿರುಗಿ ಬಿ.ಇಡಿ. ಸೇರಿದೆ. ಶಾಲಾ ಅನುಭವಕ್ಕೆ ನನ್ನನ್ನು ಹಾಕಿದ್ದು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೆ. ಆಗಸ್ಟ್ ತಿಂಗಳು, ನಾಲೆಗೆ ನೀರು ಬಿಟ್ಟಿದ್ದರು, ಶಾಲೆಯ ಕಾಂಪೌಂಡಿನ ಆಚೆ ಎಲ್ಲಿ ನೋಡಿದರೂ ನಾಟಿ. ನನ್ನ ಪಾಠದ ದಿನ ಹಾಜರಿ ಕರೆದಾಗ 34 ಮಕ್ಕಳಲ್ಲಿ ಏಳು ಮಂದಿ ಇರಲಿಲ್ಲ. ‘ಎಲ್ಲಿ?’ ಎಂದರೆ, ‘ನಾಟಿಗೆ ಮಿಸ್’ ಎಂದು ಉಳಿದವರು ಹೇಳಿದರು. ‘ಹಾಗೆಲ್ಲ ಶಾಲೆ ತಪ್ಪಿಸಬಾರದು’ ಎಂದು ಒಂದು ಮಾತು ಹೇಳಿ, ನಾಟಿ ಎಂದರೇನು ಎಂಬ ಪಾಠ ಆರಂಭಿಸಿದೆ. ಬರೆಯುವಾಗ ಈಗ ನಗು ಬರುತ್ತದೆ. ಆ ದಿನ ಬರಲಿಲ್ಲ.

ಗೋಡೆಯ ಮೇಲೆ ಚಿತ್ರಗಳು ಒಂದೊಂದಾಗಿ ಬಂದವು. ಕೊಳ, ಸೇತುವೆ, ಹಿಮದ ಭಾರಕ್ಕೆ ಕೊಂಬೆ ಮುರಿಯದಂತೆ ಪೈನ್ ಮರಕ್ಕೆ ಕೊಡೆಯ ಕಡ್ಡಿಗಳಂತೆ ಕಟ್ಟಿದ ಹಗ್ಗಗಳು, ಪಾಚಿ. ಮಕ್ಕಳು ‘ಓ’ ಎಂದರು. ಐದನೆಯ ಚಿತ್ರದ ಹೊತ್ತಿಗೆ ‘ಓ’ ಕಡಿಮೆಯಾಯಿತು. ಹಿಂದಿನ ಬೆಂಚಿನಲ್ಲಿ ಪೆನ್ನಿನ ಕ್ಯಾಪು ಉರುಳಿಸುವ ಆಟ ಶುರುವಾಯಿತು. ಪಾಚಿಯ ಚಿತ್ರಕ್ಕೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

‘ಮಿಸ್, ಆ ಊರಲ್ಲಿ ಜನ ಇಲ್ವಾ?’

‘ಇದ್ದಾರಮ್ಮ, ತುಂಬಾ ಇದ್ದಾರೆ.’

‘ಮತ್ತೆ ಇದನ್ನೆಲ್ಲ ಗುಡ್ಸೋರು ಯಾರು? ಒಂದ್ ಎಲೆನೂ ಬಿದ್ದಿಲ್ಲ.’

ಅವಳ ತಾಯಿ ಅದೇ ಶಾಲೆಯಲ್ಲಿ ಬಿಸಿಯೂಟದ ಕೆಲಸ ಮಾಡುತ್ತಾರೆ, ಬೆಳಿಗ್ಗೆ ಅಂಗಳ ಗುಡಿಸುವವರೂ ಅವರೇ ಎಂದು ಆಮೇಲೆ ತಿಳಿಯಿತು. ‘ಕೆಲಸದವರು ಇರುತ್ತಾರೆ’ ಎಂದೆ. ನಲವತ್ತು ನಿಮಿಷ ಬೆಂಚಿನ ಮೇಲೆ ಕೂತು ಯಾರು ಸರಿಯಲಿ ಎಂದು ಕಾದಿದ್ದೆನೋ ಅವರ ಬಗ್ಗೆ ನನ್ನ ಬಾಯಲ್ಲಿ ಬಂದದ್ದು ಅಷ್ಟೇ. ಮುಂದಿನ ಚಿತ್ರಕ್ಕೆ ಹೋದೆ. ಅದು ಗದ್ದೆ.

ಇಲ್ಲಿ ಒಂದು ತಪ್ಪಾಯಿತು. ಆತುರದಲ್ಲಿ ಕತ್ತರಿಸಿದ ಚಿತ್ರದ ಬದಲು ಮೂಲ ಚಿತ್ರವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೆ. ಗೋಡೆಯ ಮೇಲೆ ಡೋಮ್, ಫಲಕದ ತುದಿ, ದಾರಿ ತಪ್ಪಿದ ಸಾಲು ಎಲ್ಲ ಬಂತು. ಹಿಂದಿನ ಬೆಂಚಿನಲ್ಲಿ ಕ್ಯಾಪಿನ ಆಟ ನಿಂತಿತು. ಅಲ್ಲಿಂದಲೇ ಒಬ್ಬ ಹುಡುಗ, ಕೈ ಎತ್ತದೆ, ಜೋರಾಗಿ ಹೇಳಿದ:

‘ಮಿಸ್, ಇದನ್ನ ನೆಟ್ಟೋರ್ಗೆ ನಾಟಿ ಮಾಡಕ್ಕೆ ಬರಲ್ಲ.’

ತರಗತಿ ನಕ್ಕಿತು. ನಾನು ಗದರಿಸಬೇಕೆಂದಿದ್ದೆ, ಅಷ್ಟರಲ್ಲಿ ಇನ್ನೊಬ್ಬ ಸೇರಿಕೊಂಡ. ‘ಹಗ್ಗ ಕಟ್ಟಿಲ್ಲ. ಅದಕ್ಕೇ ಹಂಗಾಗೈತೆ.’ ‘ಹಗ್ಗ ಕಟ್ಟಿದ್ರೂ ನೋಡಿಲ್ಲ.’ ‘ಆ ತೇಲ್ತಿರೋ ಪೈರು ನೋಡು, ಬೆರಳು ಊರಿ ನೆಟ್ಟಿಲ್ಲ, ಬರೀ ಇಟ್ಟವ್ರೆ.’ ಗುಡಿಸುವವರ ಬಗ್ಗೆ ಕೇಳಿದ್ದ ಹುಡುಗಿ ಎದ್ದು ಗೋಡೆಯ ಹತ್ತಿರವೇ ಬಂದಳು. ಬೆರಳಿಟ್ಟು ತೋರಿಸಿದಳು: ‘ಇಲ್ಲಿ ಒಬ್ಬರು ನೆಟ್ಟವ್ರೆ, ಇಲ್ಲಿಂದ ಇನ್ನೊಬ್ಬರು. ಇವರ ಕೈ ಚಿಕ್ಕದು. ಮಕ್ಕಳು ನೆಟ್ಟಿರಬೇಕು ಮಿಸ್.’

ಮಡಿಕೆ ಕಾಗದದಲ್ಲಿ ಓದಿ ನಾನು ಮರೆತೇ ಬಿಟ್ಟಿದ್ದ ಸಂಗತಿಯನ್ನು ಅವಳು ಕೆಸರಿನಿಂದಲೇ ಓದಿ ಹೇಳಿದಳು. ‘ಹೌದು’ ಎಂದೆ. ‘ನಿಮಗಿಂತ ಚಿಕ್ಕ ಮಕ್ಕಳು. ಪ್ರತಿ ವರ್ಷ ಶಾಲೆಯಿಂದ ಬಂದು ನೆಡುತ್ತಾರೆ.’ ಆಮೇಲೆ ಅರಮನೆಯ ಸೊಸೆಯ ಕಥೆ ಹೇಳಿದೆ. ‘ಆಯಮ್ಮ ಗದ್ದೆಗೆ ಇಳಿದಳಾ, ಬರೀ ನೋಡಿದಳಾ?’ ಎಂದು ಹಿಂದಿನ ಬೆಂಚು ಕೇಳಿತು. ಯೋಜನೆಯ ಪ್ರಕಾರ ಆ ಹೊತ್ತಿಗೆ ನಾನು ನಾಟಿಯ ವ್ಯಾಖ್ಯೆ ಬರೆಸಿ ಕಳೆನಾಶಕಕ್ಕೆ ಬಂದಿರಬೇಕಿತ್ತು. ಬದಲು ಅಂತರ ಯಾಕೆ ಬೇಕು ಎಂಬುದನ್ನು ಮಕ್ಕಳು ನನಗೆ ಹೇಳುತ್ತಿದ್ದರು. ಒತ್ತಾಗಿ ನೆಟ್ಟರೆ ತೆಂಡೆ ಒಡೆಯುವುದಿಲ್ಲ, ಕಳೆ ತೆಗೆಯಲು ಕಾಲಿಡಲು ಜಾಗವಿರುವುದಿಲ್ಲ. ‘ತೆಂಡೆ’ ಎಂಬ ಪದವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದೆ. ಬೆಳಕು, ಪೋಷಕಾಂಶಗಳಿಗೆ ಸ್ಪರ್ಧೆ ಎಂದು ಪುಸ್ತಕ ಹೇಳುವುದನ್ನು ಅದರ ಪಕ್ಕದಲ್ಲಿ ಬರೆದೆ. ಗಂಟೆ ಹೊಡೆಯಿತು. ಉಳಿದ ಐದು ಚಿತ್ರ ತೋರಿಸಲೇ ಇಲ್ಲ.

ಮಾರ್ಗದರ್ಶಿ ಶಿಕ್ಷಕಿ ಹಿಂದೆ ಕೂತು ಎಲ್ಲ ನೋಡಿದ್ದರು. ಅವಲೋಕನ ಪುಸ್ತಕದಲ್ಲಿ ಸಮಯ ಪಾಲನೆಗೆ ಹತ್ತಕ್ಕೆ ನಾಲ್ಕು. ಬೋಧನೋಪಕರಣದ ಎದುರು ಅಂಕ ಹಾಕದೆ, ‘ಮೊದಲ ಐದು ಚಿತ್ರ ಯಾರಿಗಾಗಿ? ಆರನೆಯದನ್ನು ಯಾಕೆ ಮೊದಲೇ ತೋರಿಸಲಿಲ್ಲ?’ ಎಂದು ಬರೆದಿದ್ದರು. ಆರನೆಯದು ಗದ್ದೆಯ ಮೂಲ ಚಿತ್ರ. ಅದು ಕಣ್ತಪ್ಪಿನಿಂದ ಬಂದದ್ದು ಎಂದು ಅವರಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಹೇಳಿದಾಗ ಅವರು, ‘ಮತ್ತೆ ನೀವು ಕತ್ತರಿಸಿದ್ದು ಏನೇನು, ಒಂದು ಸಲ ನೋಡಿಬಿಡಿ’ ಎಂದರು, ಅಷ್ಟೇ.

ನೋಡಿದೆ. ಆ ಭಾನುವಾರ ಹಾರ್ಡ್ ಡಿಸ್ಕಿನ ಮುಂದೆ ಕೂತೆ. ಬಹಳಷ್ಟರ ಮೂಲವನ್ನು ಜಾಗ ಉಳಿಸಲೆಂದು ಅಳಿಸಿದ್ದೆ. ಎರಡು ವರ್ಷದಲ್ಲಿ ಕೆಳಮನೆಯ ಅಜ್ಜಿಯ ಒಂದು ಚಿತ್ರವಿಲ್ಲ. ಬರುವ ಹಿಂದಿನ ದಿನ ಅವರು ಕಾಗದದಲ್ಲಿ ಸುತ್ತಿ ಕೊಟ್ಟ ಪೀಚ್ ಹಣ್ಣುಗಳ ಚಿತ್ರ ಇದೆ, ಕಿಟಕಿಯ ಬೆಳಕಿನಲ್ಲಿ, ಚೆನ್ನಾಗಿಯೂ ಬಂದಿದೆ. ಕೊಟ್ಟ ಕೈ ಇಲ್ಲ. ಹಗ್ಗ ಕಟ್ಟಿದ ಪೈನ್ ಮರದ ಎಂಟು ಚಿತ್ರಗಳಿವೆ, ಏಣಿಯ ಮೇಲೆ ನಿಂತು ಕಟ್ಟಿದವರದು ಒಂದೂ ಇಲ್ಲ, ಅವರು ಕಟ್ಟುತ್ತಿದ್ದಾಗ ನಾನು ಅಲ್ಲೇ ಇದ್ದೆ. ರಾತ್ರಿ ಹನ್ನೊಂದರ ಹೊತ್ತಿಗೆ, ಮಸುಕಾಗಿ ಬಂದವೆಂದು ಬೇರೆ ಮಾಡಿಟ್ಟಿದ್ದ ಒಂದು ಕಡತದಲ್ಲಿ ಗ್ಯೋಸೆನ್ ಪಾರ್ಕಿನ ಆ ಹೆಂಗಸು ಸಿಕ್ಕರು. ಊರಿಗೆ ಹೊರಡುವ ಮುಂಚಿನ ತಿಂಗಳು ತೆಗೆದದ್ದು. ಆ ದಿನ ಯಾಕೋ ಧೈರ್ಯ ಮಾಡಿ ಹತ್ತಿರ ಹೋಗಿ ‘ಶಶಿನ್, ಇಇ ದೆಸು ಕಾ?’ ಎಂದು ಕೇಳಿದ್ದೆ, ಚಿತ್ರ ತೆಗೆಯಬಹುದೇ ಎಂದು. ಅವರು ಟೋಪಿಯನ್ನು ಇನ್ನಷ್ಟು ಕೆಳಗೆಳೆದು, ಮುಖ ಬೇಡ ಎಂಬಂತೆ ಕೈ ಆಡಿಸಿ, ಪಾಚಿಯ ಕಡೆಗೆ ಬೆರಳು ತೋರಿಸಿ ಕೆಲಸ ಮುಂದುವರಿಸಿದ್ದರು. ಚಿತ್ರದಲ್ಲಿ ಅವರ ಎರಡು ಕೈ, ಕುಡುಗೋಲು, ಮೊಣಕಾಲು. ನನ್ನ ಕೈ ನಡುಗಿರಬೇಕು, ಅಂಚುಗಳು ಸ್ವಲ್ಪ ಕದಡಿವೆ.

ಏಳನೆಯ ಪಾಠ ಕಳೆ ನಿಯಂತ್ರಣ. ಅದೊಂದೇ ಚಿತ್ರ ಒಯ್ದೆ. ಹಿಂದಿನ ಪಾಠಕ್ಕೆ ಬಾರದಿದ್ದ ಏಳು ಜನರಲ್ಲಿ ಐದು ಮಂದಿ ಬಂದಿದ್ದರು, ಕಾಲಿನ ಬೆರಳ ಸಂದಿಗಳು ಕೆಸರಿಗೆ ಬಿಳಿಚಿಕೊಂಡಿದ್ದವು. ‘ಈ ಕೈ ಏನು ಮಾಡುತ್ತಿದೆ, ನೋಡಿ ಹೇಳಿ’ ಎಂದಷ್ಟೇ ಕೇಳಿ ಪಕ್ಕಕ್ಕೆ ನಿಂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಐವರಲ್ಲಿ ಒಬ್ಬಳು ನಿಧಾನವಾಗಿ ಹೇಳಿದಳು, ಕುಡುಗೋಲು ನಮ್ಮದಕ್ಕಿಂತ ಚಿಕ್ಕದು, ಮೂತಿ ಚೂಪು, ಆದರೆ ಹಿಡಿ ಸವೆದಿರೋದು ನಮ್ಮವ್ವಂದು ಸವೆದಿರೋ ಕಡೆನೇ.